ಪುಸ್ತಕದ ಮಾತು ಪ್ರಸಾರದ ದಿನಕ್ಕೇ ಮುಗಿಯಬಾರದು

ಮಾನ್ಯ ಸಂಪಾದಕರೇ,

ಸಮುದಾಯ ಬಾನುಲಿ ಕೇಂದ್ರಗಳು ತಾವು ಪ್ರಸಾರ ಮಾಡಿದ ಕಾರ್ಯಕ್ರಮವನ್ನು ಮೂರು ತಿಂಗಳು ಕಾಪಿಟ್ಟಿರಬೇಕು ಎಂಬುದು ಕೇಂದ್ರ ಸರ್ಕಾರದ ನಿಯಮ. ದೂರು ಬಂದರೆ ಪರಿಶೀಲಿಸಲಿಕ್ಕೆ ಇರುವ ಅವಧಿ ಅದು. ನಮ್ಮ ಜಿಲ್ಲೆಗಳ ಎಷ್ಟೋ ಲೇಖಕರ ಸಂದರ್ಶನಗಳ ಆಯಸ್ಸೂ ಅಷ್ಟಕ್ಕೇ ನಿಂತುಬಿಟ್ಟಿದೆ. ಹತ್ತು ವರ್ಷ ದುಡಿದು ಒಂದು ಕಾದಂಬರಿ ಬರೆದವರು ಸ್ಟುಡಿಯೊಗೆ ಬಂದು ಅರ್ಧ ಗಂಟೆ ಮಾತಾಡುತ್ತಾರೆ. ಒಂದು ಮಧ್ಯಾಹ್ನ ಅದು ಪ್ರಸಾರವಾಗುತ್ತದೆ. ಆಮೇಲೆ ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲದೆ ಅಳಿಸಿಹೋಗುತ್ತದೆ. ಅದೇ ಮಾತನ್ನು ಪಾಡ್‌ಕಾಸ್ಟ್ ಮಾಡಿ, ಬೇಕೆಂದಾಗ ಅಂತರ್ಜಾಲದಲ್ಲಿ ಕೇಳುವಂತೆ ಉಳಿಸಬಹುದು, ಅದಕ್ಕೆ ಬೇಕಾದ ಬಹುತೇಕ ಸಾಮಗ್ರಿ ಈಗಾಗಲೇ ಕೇಂದ್ರಗಳಲ್ಲಿ ಇದೆ. ಅದನ್ನು ಸರಿಯಾಗಿ ಮಾಡುವುದು ಹೇಗೆ, ಎಲ್ಲಿ ಕೆಡುತ್ತದೆ ಎಂಬುದನ್ನು ಈ ಕೆಲಸದಲ್ಲಿ ತೊಡಗಿರುವವರಾಗಿ ವಿವರವಾಗಿ ಹೇಳಬೇಕೆನ್ನಿಸಿ ಈ ಪತ್ರ.

ಮನೆಯೊಂದರಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಆರಂಭಿಸಿದವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ಕಾಲೇಜು, ಬಾನುಲಿ, ಸಾಹಿತ್ಯ ಈ ಮೂರರ ನಂಟು ನಮಗೆ ಹೊಸದಲ್ಲ. ಇವತ್ತು ಮಂಗಳೂರಿನ ಸಾರಂಗ್, ಮಣಿಪಾಲದ ರೇಡಿಯೊ ಮಣಿಪಾಲ್, ಬೆಂಗಳೂರಿನ ರೇಡಿಯೊ ಆಕ್ಟಿವ್ ಎಲ್ಲವೂ ಶಿಕ್ಷಣ ಸಂಸ್ಥೆಗಳ ಆವರಣದಲ್ಲಿ ಬೆಳೆದ ಸಮುದಾಯ ಕೇಂದ್ರಗಳೇ. ಅಮೆರಿಕದ ಸಾಂತಾ ಮೋನಿಕಾದ ಕಾಲೇಜೊಂದರ ಹೆಸರಿನಲ್ಲಿ ಪರವಾನಗಿ ಇರುವ ಕೆಸಿಆರ್‌ಡಬ್ಲ್ಯೂ ಎಂಬ ಸಾರ್ವಜನಿಕ ಬಾನುಲಿ, ‘ಬುಕ್‌ವರ್ಮ್’ ಎಂಬ ಅರ್ಧ ಗಂಟೆಯ ಲೇಖಕ ಸಂದರ್ಶನವನ್ನು 1989ರಿಂದ 2022ರವರೆಗೆ ನಡೆಸಿತು. ಅದರ ನಿರೂಪಕ ಮೈಕೆಲ್ ಸಿಲ್ವರ್‌ಬ್ಲಾಟ್, ಎದುರಿಗೆ ಕೂರುವ ಲೇಖಕರ ಹೊಸ ಪುಸ್ತಕ ಮಾತ್ರವಲ್ಲ, ಹಿಂದಿನ ಪುಸ್ತಕಗಳನ್ನೂ ಓದಿಕೊಂಡೇ ಬರುತ್ತಿದ್ದರೆಂದು ಹೆಸರಾದವರು. ಆ ಕಾರ್ಯಕ್ರಮ ಅಷ್ಟು ಕಾಲ ನಿಂತದ್ದು ಆ ಓದಿನ ಬಲದಿಂದ ಎಂದೇ ನಮ್ಮ ನಂಬಿಕೆ.

ಹಾಗಾಗಿ ಮೈಕಿನ ಮಾತಿಗೆ ಮೊದಲು ಓದಿನ ಮಾತು. ಪುಸ್ತಕ ಓದದೆ ನಡೆಸಿದ ಸಂದರ್ಶನ ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ‘ಈ ಕೃತಿ ಬರೆಯಲು ನಿಮಗೆ ಪ್ರೇರಣೆ ಏನು?’ ಎಂದು ಕೇಳಿದರೆ ಲೇಖಕರು ಬಿಡುಗಡೆ ಸಮಾರಂಭದಲ್ಲಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಆರು ನಿಮಿಷ ಅಲ್ಲೇ ಹೋಗುತ್ತದೆ. ಬೆನ್ನುಡಿ ಮತ್ತು ಮುನ್ನುಡಿ ನೋಡಿ ಸಿದ್ಧಪಡಿಸಿದ ಪ್ರಶ್ನೆಗಳದ್ದೂ ಇದೇ ಪಾಡು. ಇನ್ನೂರು ಪುಟದ ಪುಸ್ತಕವಾದರೆ ಒಮ್ಮೆ ಓದುಗರಾಗಿ ಓದಿ, ಎರಡನೇ ಸಲ ಪೆನ್ಸಿಲ್ ಹಿಡಿದು ಓದಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪುಟಸಂಖ್ಯೆ ಇರಬೇಕು. ‘84ನೇ ಪುಟದಲ್ಲಿ ತಾಯಿ ಮಗನಿಗೆ ಉತ್ತರ ಕೊಡದೆ ಒಲೆಯ ಬೂದಿ ತೆಗೆಯುತ್ತಾಳೆ, ಅಲ್ಲಿ ಅವಳಿಂದ ಒಂದು ಮಾತನ್ನೂ ಆಡಿಸದೆ ಇದ್ದದ್ದೇಕೆ?’ ಎಂಬಂಥ ಪ್ರಶ್ನೆಗೆ ಸಿದ್ಧ ಉತ್ತರ ಯಾರ ಬಳಿಯೂ ಇರುವುದಿಲ್ಲ. ಲೇಖಕರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ನಿಜವಾದ ಮಾತು ಹೊರಡುತ್ತದೆ. ಕಾರ್ಯಕ್ರಮ ನಿರ್ವಾಹಕರಿಗೆ ನಮ್ಮ ಕೋರಿಕೆ ಇಷ್ಟೇ: ನಿರೂಪಕರಿಗೆ ಪುಸ್ತಕವನ್ನು ಎರಡು ವಾರ ಮೊದಲೇ ಕೊಡಿ, ಹಿಂದಿನ ದಿನ ಸಂಜೆ ಕೊಡಬೇಡಿ. ಓದಲು ಸಮಯ ಸಿಗದಿದ್ದರೆ ಧ್ವನಿಮುದ್ರಣವನ್ನೇ ಮುಂದೂಡಿ.

ಪ್ರಶ್ನೆಗಳನ್ನು ಬರೆದು ಲೇಖಕರಿಗೆ ಮೊದಲೇ ಕಳಿಸುವ ರೂಢಿ ಹಲವೆಡೆ ಇದೆ. ಗೌರವದಿಂದಲೇ ಮಾಡುತ್ತಾರೆ, ಆದರೆ ಅದರಿಂದ ಸಂದರ್ಶನ ಸಾಯುತ್ತದೆ. ಲೇಖಕರು ಉತ್ತರ ಬರೆದುಕೊಂಡು ಬಂದು ಓದುತ್ತಾರೆ. ಓದುವ ದನಿ ಬೇರೆ, ಮಾತಾಡುವ ದನಿ ಬೇರೆ, ಕೇಳುಗನ ಕಿವಿಗೆ ಅದು ತಕ್ಷಣ ತಿಳಿಯುತ್ತದೆ. ಮಾತಾಡಲಿರುವ ನಾಲ್ಕೈದು ವಿಷಯ, ಓದಿಸಲಿರುವ ಭಾಗ ಇಷ್ಟನ್ನು ತಿಳಿಸಿದರೆ ಸಾಕು. ಲೆಕ್ಕವೂ ಮೊದಲೇ ತಲೆಯಲ್ಲಿರಲಿ. ಅರ್ಧ ಗಂಟೆಯ ಅವಧಿಯಲ್ಲಿ ಉದ್ಘೋಷಣೆ ಕಳೆದು ಕೈಗೆ ಸಿಗುವುದು ಸುಮಾರು 28 ನಿಮಿಷ. ಪರಿಚಯ, ಮುಕ್ತಾಯಕ್ಕೆ ಎರಡು. ತಲಾ ಒಂದು ಪುಟದ ಎರಡು ವಾಚನಕ್ಕೆ ನಾಲ್ಕು, ಏಕೆಂದರೆ ಡೆಮಿ ಅಳತೆಯ, ಅಂದರೆ ಸಾಮಾನ್ಯ ಕಾದಂಬರಿಯ ಗಾತ್ರದ, ಒಂದು ಪುಟ ನಿಧಾನವಾಗಿ ಓದಿದರೆ ಎರಡು ನಿಮಿಷ ಹಿಡಿಯುತ್ತದೆ. ಉಳಿದ 22 ನಿಮಿಷಕ್ಕೆ ಎಂಟು ಪ್ರಶ್ನೆ ಹೆಚ್ಚೆಂದರೆ. ಹನ್ನೆರಡು ಬರೆದುಕೊಂಡಿರಿ, ಬಿಡಲೇಬಾರದ ನಾಲ್ಕಕ್ಕೆ ಗುರುತು ಹಾಕಿ, 45ರಿಂದ 50 ನಿಮಿಷ ಧ್ವನಿಮುದ್ರಿಸಿ.

ಇನ್ನು ಕೋಣೆ. ಆಕಾಶವಾಣಿ ಕೇಂದ್ರಗಳಿಗೆ ಒಳ್ಳೆಯ ಟಾಕ್ ಸ್ಟುಡಿಯೊಗಳಿವೆ. ಸಮುದಾಯ ಕೇಂದ್ರಗಳಲ್ಲಿ ಹಲವು ಸಲ ತರಗತಿಯ ಕೋಣೆಯೇ ಸ್ಟುಡಿಯೊ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಅದರ ಬಾಲ ಗೋಡೆಯಿಂದ ವಾಪಸ್ ಕೇಳಿದರೆ ಮಾತೂ ಹಾಗೆಯೇ ಬರುತ್ತದೆ. ಎಡಿಟಿಂಗಿನಲ್ಲಿ ಏನು ತೆಗೆದರೂ ಪ್ರತಿಧ್ವನಿ ತೆಗೆಯುವುದು ಬಲು ಕಷ್ಟ. ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು, ಗೋಡೆಗೆ ಒರಗಿಸಿದ ಹತ್ತಿ ಹಾಸಿಗೆ ಇವು ಅಗ್ಗದ, ಕೆಲಸ ಮಾಡುವ ಉಪಾಯಗಳು. ಮೊಟ್ಟೆಯ ಟ್ರೇ ಅಂಟಿಸಿದರೆ ಹೆಚ್ಚೇನೂ ಪ್ರಯೋಜನವಿಲ್ಲ. ಫ್ಯಾನ್ ನಿಲ್ಲಿಸಲೇಬೇಕು. ಬೇಸಿಗೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟು ಫ್ಯಾನ್ ಹಾಕಿ, ಮತ್ತೆ ನಿಲ್ಲಿಸಿ ಮುಂದುವರಿಸಬಹುದು. ಯಾರೂ ಮಾತಾಡದೆ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನೂ ಮುದ್ರಿಸಿಕೊಳ್ಳಿ. ಎರಡು ಮಾತಿನ ನಡುವೆ ಕತ್ತರಿ ಹಾಕಿದಾಗ ತೇಪೆ ಕಾಣದಂತೆ ತುಂಬಲು ಅದೇ ಬೇಕಾಗುತ್ತದೆ.

ಮೈಕು ಕೊಳ್ಳುವಾಗ ದುಬಾರಿ ಕಂಡೆನ್ಸರ್ ಮೈಕಿಗೆ ಮನಸೋಲುವುದುಂಟು. ಅದು ಸೂಕ್ಷ್ಮ, ಒಳ್ಳೆಯ ಸ್ಟುಡಿಯೊದಲ್ಲಿ ಸೊಗಸು, ತರಗತಿಯ ಕೋಣೆಯಲ್ಲಿ ಹೊರಗಿನ ಆಟೋ ಹಾರ್ನನ್ನೂ ಪಕ್ಕದ ಕೋಣೆಯ ಕುರ್ಚಿ ಎಳೆದದ್ದನ್ನೂ ಹಿಡಿದುಬಿಡುತ್ತದೆ. ಅಂಥ ಕಡೆ ಹಾಡುಗಾರರು ಕೈಯಲ್ಲಿ ಹಿಡಿಯುವ ಸಾಮಾನ್ಯ ಡೈನಮಿಕ್ ಮೈಕೇ ಮೇಲು. ಇಬ್ಬರಿಗೆ ಎರಡು ಬೇಕು, ಒಂದೇ ಮೈಕನ್ನು ನಡುವೆ ಇಟ್ಟು ಹಂಚಿಕೊಳ್ಳಬಾರದು. ಪ್ರತಿ ಮೈಕಿಗೂ ಪ್ರತ್ಯೇಕ ಟ್ರ್ಯಾಕ್ ಇರಲಿ. ಆಗ ಲೇಖಕರ ಮಾತಿನ ನಡುವೆ ನಿರೂಪಕರು ಕೆಮ್ಮಿದರೆ ಆ ಟ್ರ್ಯಾಕನ್ನಷ್ಟೇ ಆ ಜಾಗದಲ್ಲಿ ಮೌನಗೊಳಿಸಬಹುದು. ಬಾಯಿಗೂ ಮೈಕಿಗೂ ಅರ್ಧ ಗೇಣು ಅಂತರ. ಎರಡು ಮೈಕುಗಳ ನಡುವೆ ಅದರ ಮೂರು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಒಬ್ಬರ ದನಿ ಎರಡರಲ್ಲೂ ಸೇರಿ ಟೊಳ್ಳಾಗಿ ಕೇಳುತ್ತದೆ.

ಮೈಕು ಬಾಯಿಗೆ ನೇರ ಎದುರಿಗೆ ಬೇಡ, ತುಟಿಯಂಚಿನ ಕಡೆಯಿಂದ ಓರೆಯಾಗಿ ಇರಲಿ. ಕನ್ನಡದಲ್ಲಿ ಇದು ಮುಖ್ಯ. ಮಹಾಪ್ರಾಣವನ್ನು ಒತ್ತಿ ಉಚ್ಚರಿಸುವ ಲೇಖಕರು ‘ಭಾವ’, ‘ಫಲ’ ಎಂದಾಗಲೆಲ್ಲ ಗಾಳಿ ಮೈಕಿಗೆ ಬಡಿದು ಢಬ್ ಎನ್ನುತ್ತದೆ. ಮೈಕಿನ ಮುಂದೆ ಗಾಳಿ ತಡೆಯುವ ಒಂದು ಪಾಪ್ ಫಿಲ್ಟರ್ ಇಟ್ಟು, ಎಡಿಟಿಂಗಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದನ್ನು ತೆಗೆದರೆ ಬಹುಪಾಲು ಸರಿಹೋಗುತ್ತದೆ. ನಿರಂತರವಾಗಿ ಗುಂಯ್‌ಗುಡುವ ಸದ್ದು ಬಂದರೆ ಅದು ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಹಮ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಟಕಟಕ ಸದ್ದಾದರೆ ಹತ್ತಿರದಲ್ಲಿರುವ ಯಾರದೋ ಮೊಬೈಲು. ಸೈಲೆಂಟ್ ಮಾಡಿದರೆ ಸಾಲದು, ಫ್ಲೈಟ್ ಮೋಡ್‌ಗೆ ಹಾಕಬೇಕು.

‘ಹಲೋ, ಮೈಕ್ ಟೆಸ್ಟಿಂಗ್’ ಎನ್ನಿಸಿ ಲೆವೆಲ್ ನೋಡುವುದು ವ್ಯರ್ಥ. ಮೆಲುದನಿಯ ಕವಿಗಳೂ ತಮ್ಮ ಪದ್ಯ ಓದುವಾಗ ದನಿ ಏರಿಸುತ್ತಾರೆ. ಆದ್ದರಿಂದ ಓದಬೇಕಾದ ಭಾಗವನ್ನೇ ನಾಲ್ಕು ಸಾಲು ಓದಿಸಿ, ಮೀಟರಿನ ಮುಳ್ಳು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಆಡುವಂತೆ ಇಡಿ. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ, ದನಿಯನ್ನು ಹಿಂಡದ ವೇವ್ ಕಡತವಾಗಿ ಮುದ್ರಿಸಿದರೆ ಎರಡು ಟ್ರ್ಯಾಕಿನ ಒಂದು ಗಂಟೆಗೆ ಸುಮಾರು ಒಂದು ಜಿಬಿ ಬೇಕು. ವಾಚನದ ಭಾಗವನ್ನು ಪುಸ್ತಕದಿಂದ ಓದಿಸಬೇಡಿ. ದೊಡ್ಡ ಅಕ್ಷರದಲ್ಲಿ, ಒಂದೇ ಮಗ್ಗುಲಿಗೆ ಮುದ್ರಿಸಿದ ಬಿಡಿ ಹಾಳೆ ಕೊಡಿ. ಮಗುಚಿ ಹಾಕದೆ ಪಕ್ಕಕ್ಕೆ ಸರಿಸಿದರೆ ಸರಸರ ಸದ್ದು ಇರುವುದಿಲ್ಲ. ಬಳೆ, ಕಿರುಗುಟ್ಟುವ ಕುರ್ಚಿ, ಮೇಜಿನ ಮೇಲೆ ತಾಳ ಹಾಕುವ ಬೆರಳು ಇವನ್ನೆಲ್ಲ ಶುರುವಿಗೆ ಮೊದಲೇ ವಿನಯದಿಂದ ಹೇಳಿಬಿಡುವುದು ಒಳಿತು. ಮೈಕಿನ ಸ್ಟ್ಯಾಂಡ್ ಕೆಳಗೆ ಮಡಿಸಿದ ಟವೆಲ್ ಇಟ್ಟರೆ ಮೇಜಿನ ಸದ್ದು ಅರ್ಧ ಇಳಿಯುತ್ತದೆ.

ನಿರೂಪಕರು ಬಿಡಬೇಕಾದ ಒಂದು ಅಭ್ಯಾಸ, ಉತ್ತರದುದ್ದಕ್ಕೂ ‘ಹೌದು ಹೌದು’, ‘ಹ್ಞಾಂ’, ‘ಖಂಡಿತ’ ಎನ್ನುವುದು. ಎದುರಿಗೆ ಕೂತವರಿಗೆ ಅದು ಸೌಜನ್ಯ, ಕೇಳುಗರಿಗೆ ಕಿರಿಕಿರಿ. ತಲೆಯಾಡಿಸಿದರೆ ಸಾಕು. ಇನ್ನೊಂದು, ಲೇಖಕರ ಭಾಷೆಯನ್ನು ತಿದ್ದುವುದು. ಧಾರವಾಡದವರು ಧಾರವಾಡದ ಕನ್ನಡದಲ್ಲೇ ಮಾತಾಡಲಿ, ಕುಂದಾಪುರದವರು ಕುಂದಾಪ್ರ ಕನ್ನಡದಲ್ಲಿ, ಕಲಬುರಗಿಯವರು ಅವರ ನುಡಿಯಲ್ಲಿ. ‘ಸ್ವಲ್ಪ ಶುದ್ಧವಾಗಿ ಹೇಳಿ ಸರ್’ ಎಂದ ಕೂಡಲೇ ಆ ಮನುಷ್ಯ ಗ್ರಾಂಥಿಕಕ್ಕೆ ಜಾರುತ್ತಾರೆ, ಅವರು ಬರೆದ ಪುಸ್ತಕಕ್ಕೂ ಆಡುವ ಮಾತಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ಸಣ್ಣ ಊರಿನ ಬಾನುಲಿಗೆ ಇರುವ ದೊಡ್ಡ ಶಕ್ತಿಯೇ ಈ ನುಡಿ. ಅದನ್ನು ಕೈಯಾರೆ ಕಳೆದುಕೊಳ್ಳಬಾರದು.

ಊರಿಂದ ದೂರ ಇರುವ ಲೇಖಕರಾದರೆ ಫೋನ್ ಕರೆಯನ್ನೇ ಮುದ್ರಿಸುವುದು ಸುಲಭದ ದಾರಿ. ಸಾಮಾನ್ಯ ಫೋನ್ ಕರೆ ದನಿಯ ಮೇಲಿನ, ಕೆಳಗಿನ ಭಾಗಗಳನ್ನು ಕತ್ತರಿಸಿಯೇ ಕಳಿಸುತ್ತದೆ. ಸುದ್ದಿಗೆ ನಡೆಯುತ್ತದೆ, ಅರ್ಧ ಗಂಟೆಯ ಪುಸ್ತಕದ ಮಾತಿಗೆ ಆಗುವುದಿಲ್ಲ. ಕರೆ ಕಿವಿಯಲ್ಲಿರಲಿ, ಅದೇ ಹೊತ್ತಿಗೆ ಲೇಖಕರು ಮನೆಯಲ್ಲಿರುವ ಇನ್ನೊಂದು ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಅರ್ಧ ಗೇಣು ದೂರ ಇಟ್ಟುಕೊಳ್ಳಲಿ. ಮುಗಿದ ಮೇಲೆ ಆ ಕಡತವನ್ನು ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲಿ, ವಾಯ್ಸ್ ಮೆಸೇಜ್ ಆಗಿ ಬೇಡ. ಅದು ದನಿಯನ್ನು ಹಿಂಡಿಬಿಡುತ್ತದೆ. ಆರಂಭದಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ ತಟ್ಟಿಸಿ. ಎರಡು ಯಂತ್ರಗಳ ಗಡಿಯಾರ ಒಂದೇ ಸಮ ಓಡುವುದಿಲ್ಲ, ಗಂಟೆಯ ಕೊನೆಗೆ ಪ್ರಶ್ನೆಯೂ ಉತ್ತರವೂ ಒಂದರ ಮೇಲೊಂದು ಬೀಳಬಹುದು. ಆ ಎರಡು ಚಪ್ಪಾಳೆ ಹೊಂದಿಸಿದರೆ ಎಲ್ಲ ಸರಿಯಾಗುತ್ತದೆ. ಮನೆಯಲ್ಲಿ ಮಲಗುವ ಕೋಣೆಯೇ ವಾಸಿ, ಹಾಸಿಗೆ ಬಟ್ಟೆಗಳು ಸದ್ದು ಹೀರುತ್ತವೆ. ಕುಕ್ಕರ್ ಕೂಗುವ, ಮಿಕ್ಸಿ ತಿರುಗುವ ಹೊತ್ತು ತಪ್ಪಿಸಿ.

ಎಡಿಟಿಂಗಿನಲ್ಲಿ ಕನ್ನಡಕ್ಕೇ ವಿಶೇಷವಾದ ಅಪಾಯವೊಂದಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ನಿರಾಕರಣೆಯೂ ಅಲ್ಲಿಯೇ. ‘ಕಾದಂಬರಿಯಿಂದ ಸಮಾಜ ಬದಲಾಗುತ್ತೆ, ಓದಿದವರೆಲ್ಲ ಒಳ್ಳೆಯವರಾಗ್ತಾರೆ ಅಂತ ನಾನೇನೂ ನಂಬಿಲ್ಲ’ ಎಂಬ ಮಾತನ್ನು ಸಮಯ ಉಳಿಸಲು ‘ಒಳ್ಳೆಯವರಾಗ್ತಾರೆ’ ಎಂಬಲ್ಲಿಗೆ ಕತ್ತರಿಸಿದರೆ ಲೇಖಕರು ಹೇಳಿದ್ದಕ್ಕೆ ತದ್ವಿರುದ್ಧ ಅರ್ಥ ಬರುತ್ತದೆ. ಪರದೆಯ ಮೇಲಿನ ಅಲೆಯ ಚಿತ್ರ ನೋಡಿ ಕತ್ತರಿಸುವವರು ಈ ತಪ್ಪು ಮಾಡುತ್ತಾರೆ, ಏಕೆಂದರೆ ‘ಅಂತ’ ಎನ್ನುವ ಮುಂಚೆ ಮಾತುಗಾರರು ಉಸಿರು ತೆಗೆದುಕೊಳ್ಳುತ್ತಾರೆ, ಅಲ್ಲಿ ಅಲೆ ಚಪ್ಪಟೆಯಾಗಿ ಕಾಣುತ್ತದೆ. ಕಿವಿಯಿಂದ ಕೇಳಿ, ದನಿ ಇಳಿದು ನಿಂತ ಮೇಲೆಯೇ ಕತ್ತರಿ ಹಾಕಬೇಕು. ಕತ್ತರಿಸಿದ ಪ್ರತಿಯನ್ನು ಪುಸ್ತಕ ಓದಿದ ನಿರೂಪಕರೇ ಒಮ್ಮೆ ಪೂರ್ತಿ ಕೇಳಬೇಕು. ಉಸಿರನ್ನೂ ಉತ್ತರಕ್ಕೆ ಮೊದಲಿನ ಮೌನವನ್ನೂ ಪೂರಾ ಅಳಿಸಬೇಡಿ. ಅಳಿಸಿದರೆ ಯೋಚಿಸಿ ಹೇಳಿದ ಉತ್ತರವೂ ಬಾಯಿಪಾಠ ಒಪ್ಪಿಸಿದಂತೆ ಕೇಳುತ್ತದೆ.

ಈಗ ಪಾಡ್‌ಕಾಸ್ಟ್. ಪ್ರಸಾರವಾದ ಕಡತವನ್ನೇ ಎತ್ತಿ ಅಂತರ್ಜಾಲಕ್ಕೆ ಹಾಕಿದರೆ ಅದು ಪಾಡ್‌ಕಾಸ್ಟ್ ಆಗುವುದಿಲ್ಲ. ರೇಡಿಯೊ ಕೇಳುಗ ನಡುವೆ ಎಲ್ಲೋ ಬಂದು ಸೇರಿಕೊಳ್ಳುತ್ತಾನೆ. ಅದಕ್ಕಾಗಿ ಏಳೆಂಟು ನಿಮಿಷಕ್ಕೊಮ್ಮೆ ‘ನೀವು ಕೇಳುತ್ತಿದ್ದೀರಿ’ ಎಂದು ಲೇಖಕರ, ಪುಸ್ತಕದ ಹೆಸರು ಹೇಳಬೇಕು. ಪಾಡ್‌ಕಾಸ್ಟಿನವನು ಹೆಸರು ನೋಡಿಯೇ ಒತ್ತಿರುತ್ತಾನೆ, ಅವನಿಗೆ ಅದು ಬೇಡ. ‘ಸಮಯ ಈಗ’ ಎನ್ನುವುದೂ ಬೇಡ, ‘ಇದೇ ಬರುವ ಭಾನುವಾರ ಬಿಡುಗಡೆ’ ಎಂಬುದೂ ಬೇಡ. ಆದ್ದರಿಂದ ಈ ಮಾತುಗಳನ್ನು ಸಂದರ್ಶನದೊಳಗೆ ಹೆಣೆಯದೆ ಬಿಡಿಯಾಗಿ ಮುದ್ರಿಸಿ, ಪ್ರಸಾರದ ಪ್ರತಿಗೆ ಮಾತ್ರ ಸೇರಿಸಬೇಕು. ಪ್ರಸಾರಕ್ಕೆ 28 ನಿಮಿಷ, ಪಾಡ್‌ಕಾಸ್ಟಿಗೆ 40 ನಿಮಿಷ ಎಂದು ಎರಡು ಪ್ರತಿ ಮಾಡುವುದು ಅರ್ಧ ದಿನದ ಹೆಚ್ಚುವರಿ ಕೆಲಸ, ಅಷ್ಟೇ. ಪ್ರಸಾರವಾಗುತ್ತಿರುವುದನ್ನು ಲಾಗರಿನಿಂದ, ಅಂದರೆ ಪ್ರಸಾರವನ್ನು ತಾನಾಗಿ ಮುದ್ರಿಸಿಡುವ ಯಂತ್ರದಿಂದ, ಇಳಿಸಿಕೊಳ್ಳುವುದಂತೂ ಸಲ್ಲದು. ಟ್ರಾನ್ಸ್‌ಮಿಟರಿಗೆ ಹೋಗುವ ದಾರಿಯಲ್ಲಿ ದನಿ ಒತ್ತಿಸಿಕೊಂಡು ಬಂದಿರುತ್ತದೆ, ಇಯರ್‌ಫೋನಿನಲ್ಲಿ ಕೇಳಲು ಆಯಾಸ. ಮೂಲ ಕಡತದಿಂದಲೇ ಮಾಡಿ, ಮೊನೊ ಆದರೆ ಮೈನಸ್ 19, ಸ್ಟೀರಿಯೊ ಆದರೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತನ್ನಿ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಎಡಿಟಿಂಗ್ ತಂತ್ರಾಂಶದಲ್ಲೇ ಇದಾಗುತ್ತದೆ. ಮಾತಿಗೆ 64 ಕೆಬಿಪಿಎಸ್ ಮೊನೊ ಎಂಪಿ3 ಸಾಕು. ಅರ್ಧ ಗಂಟೆಗೆ ಹದಿನಾಲ್ಕೂವರೆ ಎಂಬಿಯೂ ಆಗದು, ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ.

ಕೇಂದ್ರದ ಸ್ವಂತ ಜಾಲತಾಣದ ವಿಳಾಸದಲ್ಲಿ ಆರ್‌ಎಸ್‌ಎಸ್ ಫೀಡ್, ಅಂದರೆ ಹೊಸ ಸಂಚಿಕೆಗಳನ್ನು ಕೇಳುವ ಆ್ಯಪುಗಳಿಗೆ ತಿಳಿಸುವ ಪಟ್ಟಿ, ಇರಲಿ. ಕೇಳುವ ಆ್ಯಪುಗಳು ಬರುತ್ತವೆ, ಹೋಗುತ್ತವೆ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಫೀಡ್ ನಮ್ಮದಾಗಿದ್ದರೆ ಕೇಳುಗರು ಬೇರೆ ಆ್ಯಪಿಗೆ ಹೋಗಿಯೂ ನಮ್ಮಲ್ಲೇ ಉಳಿಯುತ್ತಾರೆ. ಮುಖಪುಟದ ಚಿತ್ರ ಚೌಕಾಕಾರವಾಗಿ, 1400ರಿಂದ 3000 ಪಿಕ್ಸೆಲ್ ಅಗಲ ಇರಬೇಕು. ಶೀರ್ಷಿಕೆಯಲ್ಲಿ ‘ಸಂಚಿಕೆ 12’ ಎಂದಷ್ಟೇ ಬರೆದರೆ ಯಾರಿಗೂ ಸಿಗದು. ಲೇಖಕರ ಹೆಸರು, ಪುಸ್ತಕದ ಹೆಸರು ಮೊದಲು ಬರಲಿ. ಕಚೇರಿಯ ಹಳೆಯ ಪಟ್ಟಿಗಳು ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ, ಅಲ್ಲಿಂದ ನಕಲು ಮಾಡಿ ಅಂಟಿಸಿದ ಕನ್ನಡ ಜಾಲದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿವೆಯೇ ನೋಡಿ. ವಿವರಣೆಯಲ್ಲಿ ಪ್ರಕಾಶಕರು, ಪುಟ, ಬೆಲೆ, ಐಎಸ್‌ಬಿಎನ್ ಹಾಕಿ. ಕೇಳಿ ಮುಗಿಸಿದವರಿಗೆ ಪುಸ್ತಕ ಎಲ್ಲಿ ಸಿಗುತ್ತದೆಂದು ತಿಳಿಯದಿದ್ದರೆ ನಮ್ಮ ಶ್ರಮ ಅರ್ಧಕ್ಕೇ ನಿಂತಂತೆ.

ಹಕ್ಕಿನ ವಿಷಯವನ್ನು ಉದಾಸೀನ ಮಾಡುವಂತಿಲ್ಲ. ವಿಮರ್ಶೆಗಾಗಿ ಹಿತಮಿತವಾಗಿ ಉದ್ಧರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಇಡೀ ಕತೆಯನ್ನೋ ಪದ್ಯವನ್ನೋ ಓದಿಸಿ ಅಂತರ್ಜಾಲದಲ್ಲಿ ಶಾಶ್ವತವಾಗಿ ಇಡುವುದಾದರೆ ಲೇಖಕರ, ಹಕ್ಕು ಪ್ರಕಾಶಕರಲ್ಲಿದ್ದರೆ ಅವರ, ಲಿಖಿತ ಒಪ್ಪಿಗೆ ಬೇಕು. ಪ್ರಸಾರಕ್ಕೆ ಸಹಿ ಮಾಡಿಸುವ ಕಾಗದದಲ್ಲೇ ‘ಅಂತರ್ಜಾಲದಲ್ಲಿ ಇಡಲು, ಇಳಿಸಿಕೊಳ್ಳಲು ಕೊಡಲು’ ಎಂದು ಒಂದು ಸಾಲು ಸೇರಿಸಿ. ಹೆಚ್ಚು ತೊಡಕು ಸಂಗೀತದ್ದು. ಪುಸ್ತಕದ ಮಾತಿನ ನಡುವೆ ಭಾವಗೀತೆಯೊಂದನ್ನು ಹಾಕುವುದು ನಮ್ಮಲ್ಲಿ ರೂಢಿ. ಅದರಲ್ಲಿ ಕವಿತೆಯದು ಒಂದು ಹಕ್ಕು, ರಾಗ ಸಂಯೋಜನೆಯದು ಇನ್ನೊಂದು, ಧ್ವನಿಮುದ್ರಿಕೆಯದು ಮತ್ತೊಂದು. ಕವಿ ತೀರಿಕೊಂಡು 60 ವರ್ಷ ಕಳೆಯುವವರೆಗೆ ಕವಿತೆಯ ಹಕ್ಕು ಉಳಿದಿರುತ್ತದೆ. ನಿಗದಿತ ಶುಲ್ಕ ಕೊಟ್ಟು ಹಾಡು ಪ್ರಸಾರ ಮಾಡಲು ಬಾನುಲಿಗೆ ಇರುವ ಶಾಸನಬದ್ಧ ಪರವಾನಗಿ ಅಂತರ್ಜಾಲದ ಸೇವೆಗೆ ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ಪಾಡ್‌ಕಾಸ್ಟಿನ ಪ್ರತಿಯಲ್ಲಿ ಹಾಡು ಬಿಟ್ಟುಬಿಡಿ. ಊರಿನ ವಾದಕರೊಬ್ಬರಿಂದ ಹದಿನೈದು ಸೆಕೆಂಡಿನ ಸಿಗ್ನೇಚರ್ ಟ್ಯೂನ್ ನುಡಿಸಿ, ಸಂಭಾವನೆ ಕೊಟ್ಟು, ಹಕ್ಕನ್ನು ಬರೆಸಿಕೊಳ್ಳಿ.

ಸಮುದಾಯ ಕೇಂದ್ರದವರು ನೆನಪಿಡಬೇಕಾದ್ದು ಇನ್ನೊಂದಿದೆ. ಆಕಾಶವಾಣಿಯ ಸುದ್ದಿ ಹೊರತು ಸುದ್ದಿ, ಪ್ರಚಲಿತ ರಾಜಕೀಯದ ಪ್ರಸಾರಕ್ಕೆ ಅವರಿಗೆ ಅನುಮತಿ ಇಲ್ಲ. ಚುನಾವಣೆ ಹೊತ್ತಿನಲ್ಲಿ ರಾಜಕಾರಣದ ಕುರಿತ ಪುಸ್ತಕ ಎತ್ತಿಕೊಂಡರೆ ಮಾತು ಎತ್ತ ಹೊರಳೀತೆಂದು ಮೊದಲೇ ಯೋಚಿಸಿ, ಪುಸ್ತಕದ ಪುಟಗಳಿಗೇ ಪ್ರಶ್ನೆಗಳನ್ನು ಕಟ್ಟಿಹಾಕಬೇಕು.

ಹಳೆಯ ಕಡತಗಳನ್ನು ಎರಡು ಬೇರೆ ಡಿಸ್ಕುಗಳಲ್ಲಿ, ಒಂದನ್ನು ಬೇರೆ ಕಟ್ಟಡದಲ್ಲಿ, ಇಡಿ. ಎಂಪಿ3 ಮಾತ್ರ ಇಟ್ಟರೆ ಮುಂದೆ ಮತ್ತೆ ಎಡಿಟ್ ಮಾಡಿದಾಗ ದನಿ ಇನ್ನಷ್ಟು ಕೆಡುತ್ತದೆ, ಮೂಲ ವೇವ್ ಕಡತವೇ ಬೇಕು. ವಾರಕ್ಕೊಂದು ಸಂದರ್ಶನ ಎಂದರೂ ವರ್ಷಕ್ಕೆ 52 ಜಿಬಿ ಆಸುಪಾಸು. ಇಷ್ಟು ಜಾಗಕ್ಕಾಗಿ ಒಬ್ಬ ಲೇಖಕರ ದನಿಯನ್ನು ಅಳಿಸುವ ಅಗತ್ಯ ಇವತ್ತಿನ ದಿನದಲ್ಲಿ ಯಾವ ಕೇಂದ್ರಕ್ಕೂ ಇಲ್ಲ.

ಮುಂದಿನ ತ್ರೈಮಾಸಿಕದ ವೇಳಾಪಟ್ಟಿ ಸಿದ್ಧಪಡಿಸುವಾಗ ಆಕಾಶವಾಣಿಯ ಹಾಗೂ ಸಮುದಾಯ ಬಾನುಲಿಯ ನಿರ್ವಾಹಕರು ವಾರಕ್ಕೊಂದಲ್ಲದಿದ್ದರೂ ತಿಂಗಳಿಗೆ ಎರಡು ಪುಸ್ತಕ ಸಂದರ್ಶನಗಳಿಗೆ ನಿಗದಿತ ದಿನ, ಹೊತ್ತು ಮೀಸಲಿಡಬೇಕು. ಯಾವ ಪುಸ್ತಕ ಎಂಬುದನ್ನು ಮೂರು ವಾರ ಮೊದಲೇ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೂ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ತಿಳಿಸಿದರೆ ಪ್ರಸಾರದ ದಿನಕ್ಕೆ ಪುಸ್ತಕ ಕಪಾಟಿನಲ್ಲಿ ಸಿಗುವಂತೆ ನೋಡಿಕೊಳ್ಳಬಹುದು. ಅಲ್ಲಿನ ಕಂಪ್ಯೂಟರಿನಲ್ಲೇ ಸಂದರ್ಶನ ಕೇಳಿಸಲೂಬಹುದು. ತಮ್ಮ ಪತ್ರಿಕೆಯಿಂದ ಒಂದು ಸಹಾಯ ಕೋರುತ್ತೇವೆ. ಭಾನುವಾರದ ಪುಸ್ತಕ ವಿಮರ್ಶೆಯ ಕೆಳಗೆ ಪುಟ, ಬೆಲೆ, ಪ್ರಕಾಶಕರ ವಿವರ ಮುದ್ರಿಸುತ್ತೀರಿ. ಆ ಲೇಖಕರ ಸಂದರ್ಶನ ಯಾವುದಾದರೂ ಬಾನುಲಿಯಲ್ಲಿ ಇದ್ದರೆ ಕೇಂದ್ರದ ಹೆಸರು, ಪ್ರಸಾರದ ದಿನ, ಪಾಡ್‌ಕಾಸ್ಟಿನ ಕ್ಯೂಆರ್ ಕೋಡ್ ಅದೇ ಸಾಲಿನ ಪಕ್ಕದಲ್ಲಿ ಬರುವಂತೆ ಮಾಡಿಕೊಡಿ.

ಇತಿ,
ಬಾನುಲಿ ಪುಸ್ತಕ ಸಂದರ್ಶನಗಳ ನಿರ್ಮಾಣದಲ್ಲಿ ತೊಡಗಿರುವ ಬಳಗ,
ಮೈಸೂರು